ಕ್ಲಿಪ್ ದೀಪದ ಮೇಲೆ ನನ್ನ ಸಿಟ್ಟು

ಟಕ್-ಟಕಾ, ಟಕ್-ಟಕಾ. ಪಕ್ಕದ ಮನೆ ಪುಟ್ಟತಾಯಮ್ಮನ ಮಗ್ಗದ ಆ ಸದ್ದಿಗೆ ನಾನು ಏಳುತ್ತಿದ್ದೆ. ಕಾನ್ವೆಂಟಿನ ಬೆಲ್ಲಿಗೂ ಅಷ್ಟು ಶಿಸ್ತಾಗಿ ಎದ್ದವಳಲ್ಲ. ಈಗ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಉಳಿದಿರುವುದು ನನ್ನ ಗೊಣಗಾಟದ ಸದ್ದು ಮಾತ್ರ.

ಗೊಣಗದೆ ಏನು ಮಾಡಲಿ? ಕಣ್ಣಿನ ಆಪರೇಷನ್ ಆದಮೇಲೆ ಅಚ್ಚಿನ ಪುಸ್ತಕವೆಂದರೆ ನನಗೆ ಇರುವೆ ಸಾಲು. ಅಕ್ಷರ ದೊಡ್ಡದು ಮಾಡಿಕೊಳ್ಳಲು ಇ-ರೀಡರ್ ಒಂದೇ ಗತಿ. ಅದೋ ಹಳೇ ಮಾಡೆಲ್, ಒಳಗೆ ಲೈಟಿಲ್ಲ; ನಮ್ಮ ನಡುಮನೆಗೆ ಬಿಸಿಲಿಲ್ಲ. ಸರಿಯಾದ ಕ್ಲಿಪ್ ದೀಪ ಸಿಗದಿದ್ದರೆ ನನ್ನ ಓದಿಗೆ ಫುಲ್‌ಸ್ಟಾಪ್.

ಮೊದಲು ತಂದ ದೀಪ ಮೂರೇ ದಿನಕ್ಕೆ ಕತ್ತು ಜೋಲುಹಾಕಿತು. ಎರಡನೆಯದರ ಕ್ಲಿಪ್ಪು ಟಚ್‌ಸ್ಕ್ರೀನಿನ ಅಂಚು ಕಚ್ಚಿದ್ದೇ ತಡ, ಪುಟಗಳು ತಾವೇ ಮಗುಚಿಕೊಂಡವು. ಕೊಲೆ ನಡೆಯುವ ಮೊದಲೇ ಕೊಲೆಗಾರ ಜೈಲಿನಲ್ಲಿದ್ದ! ಮೂರನೆಯದು ಪುಟ ಬಿಟ್ಟು ನನ್ನ ಕಣ್ಣಿಗೇ ರಾಚಿತು. ಅಂಗಡಿಗೆ ಹೋಗಿ ರೇಗಿದೆ.

"ಈ ವಯಸ್ನಲ್ಲಿ ಓದಿ ಯಾವ್ ಪರೀಕ್ಸೆ ಬರೀಬೇಕು ಮೇಡಮ್ಮೋರೆ? ಟೀವಿ ನೋಡ್ಕಂಡು ಆರಾಮಾಗಿರಿ" ಎಂದ ಅಂಗಡಿಯವನು.

"ಪರೀಕ್ಷೆ ನಿನಗೆ ಇಡಬೇಕು ಕಣಯ್ಯ. ದೀಪ ಮಾರ್ತೀಯ, ಬೆಳಕು ಎಲ್ಲಿ ಬೀಳಬೇಕು ಅನ್ನೋದೇ ಗೊತ್ತಿಲ್ಲ. ಶೇಮ್!" ಎಂದು ಬಂದುಬಿಟ್ಟೆ.

ಬೆಳಕು ಎಲ್ಲಿ ಬೀಳಬೇಕೆಂಬುದು ಪುಟ್ಟತಾಯಮ್ಮನಿಗೆ ಗೊತ್ತಿತ್ತು. ಮಗ್ಗದ ಮೇಲೆ ಇಳಿಬಿಟ್ಟ ಬಲ್ಬಿಗೆ, ತನ್ನ ಮುಖದ ಕಡೆಗೆ, ಹಳೆಯ ಲಗ್ನಪತ್ರಿಕೆಯೊಂದನ್ನು ಮಡಿಸಿ ಮರೆ ಕಟ್ಟುತ್ತಿದ್ದಳು. ಬೆಳಕು ವೇಸ್ಟಾಗುತ್ತದೆಂದು ಒಮ್ಮೆ ನಾನು ಅದನ್ನು ಕಿತ್ತಿದ್ದೆ. ನಾನು ಫಿಸಿಕ್ಸಿನಲ್ಲಿ ಫಸ್ಟ್, ನೋಡಿ!

"ಕಾನ್ವೆಂಟ್ನಲ್ಲಿ ಇದ್ನೇ ಏಳ್ಕೊಟ್ರಾ ನಿಂಗೆ?" ಎಂದು ಬೈದಿದ್ದಳು. "ದೀಪ ಕಂಡ್ರೆ ಎಳೆ ಕಾಣಕಿಲ್ಲ ಕಣವ್ವ."

ಮಗ್ಗ ಮಾರಿ ಯಳಂದೂರಿನ ಮಗಳ ಮನೆಗೆ ಹೊರಟ ದಿನ, ಹೇಳಿಹೋಗಲು ಒಳಗೆ ಬಂದಳು. ನಾನು ಆ ಮೂರನೆಯ ದೀಪದೆದುರು ಮುಖ ಸಿಂಡರಿಸಿ ಕೂತಿದ್ದೆ. ಆಕೆ ಮೇಜಿನ ಮೇಲಿದ್ದ ಯಾರದೋ ಲಗ್ನಪತ್ರಿಕೆಯನ್ನು ಹರಿದು, ಮಡಿಸಿ, ದೀಪದ ಹಣೆಗೆ ಸಿಕ್ಕಿಸಿದಳು.

"ಈಗ ಕಾಣ್ತದಾ?"

ಎಷ್ಟು ವಾರಗಳ ಮೇಲೆ ಕಪ್ಪಗೆ, ಸ್ಪಷ್ಟವಾಗಿ ಅಕ್ಷರ! "ಕಾಣ್ತದೆ, ಕಾಣ್ತದೆ" ಎಂದೆ, ತಲೆಯೆತ್ತದೆ. "ಬತ್ತೀನಿ ಕಣವ್ವ" ಎಂದದ್ದು ಕೇಳಿಸಿತು. ಆ ಪ್ಯಾರಾ ಒಂದು ಮುಗಿಯಲಿ ಎಂದುಕೊಂಡೆ.

ಆರು ತಿಂಗಳಿಗೆ ಯಳಂದೂರಿನಿಂದ ಪುಟ್ಟತಾಯಮ್ಮ ಇನ್ನಿಲ್ಲವೆಂಬ ಸುದ್ದಿ ಬಂತು. ದೀಪ ಈಗಲೂ ಚೆನ್ನಾಗಿದೆ. ಬೈಯಲು ಅದರಲ್ಲಿ ಏನೂ ಉಳಿದಿಲ್ಲ. ಸಿಟ್ಟೆಲ್ಲ ಆ ಪ್ಯಾರಾದ ಮೇಲೆ. ಅದನ್ನು ಓದಿ ಮುಗಿಸಿ ತಲೆಯೆತ್ತಿದಾಗ ಹೊಸ್ತಿಲಾಚೆ ಆಕೆಯ ಬೆನ್ನು ಕಂಡಿತ್ತು, ಅಷ್ಟೇ.