ಖಾನಾಪುರದ ಕಾಡತೂಸು

ಕಳೆದ ತಿಂಗಳು ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ನಮ್ಮಿಬ್ಬರಿಗೆ ಮೂರು ಮಂದಿ ಕೂಡುವ ಸೀಟು ಪೂರ್ತಿ ಸಿಕ್ಕಿತು.

ಆ ಬಸ್ಸನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಶನಿವಾರದ ಸಂಜೆ. ಬಾಗಿಲಲ್ಲಿ ಜನ ಜೋತುಬಿದ್ದಿದ್ದಾರೆ. ಕೋಳಿಗಳಿಗೂ ಯಾರದೋ ತೊಡೆಯೇ ಗತಿ. ಅಂಥದ್ದರಲ್ಲಿ ನಾನು ಮತ್ತು ನನ್ನ ಗೆಳತಿ ಜುಬೇದಾ ಕಾಲು ಚಾಚಿಕೊಂಡು, ಗಾಳಿ ತಗೊಳ್ಳುತ್ತ ಮಹಾರಾಣಿಯರ ಹಾಗೆ ಬಂದೆವು. ಹೇಗೆ?

ನಮ್ಮ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಜುಬೇದಾಳ ಚೀಲವನ್ನೇ ನೋಡುತ್ತಿದ್ದಳು. "ಹಂಗ್ಯಾಕ ಅವಚಿ ಹಿಡದೀಯವ್ವಾ? ಬಂಗಾರ ಐತೇನು?"

ಜುಬೇದಾಳಿಗೆ ಸುಳ್ಳು ಬರುವುದಿಲ್ಲ. "ಅಲ್ಲಬೇ ಅಜ್ಜಿ, ಕಾಡತೂಸ."

ಅಜ್ಜಿ ಎದ್ದಳು. ಹಿಂದಿನ ಸೀಟಿನವರು ಎದ್ದರು. ಮುಂದಿನವರು ಏಳಲಿಲ್ಲ, ಆದರೆ ದೇವರ ಹೆಸರು ಹೇಳತೊಡಗಿದರು. ಕಂಡಕ್ಟರ್ ಓಡಿ ಬಂದ. ನಾನು ಲೈಸೆನ್ಸ್ ತೆಗೆದು ತೋರಿಸಿದೆ. ಅವನು ಅದನ್ನು ಮರ್ಯಾದೆಯಿಂದ ಓದಿದ. "ಕಾಗದ ಬರೋಬರಿ ಐತ್ರೀ ಬಾಯಾರ. ಆದ್ರ ಈ ಮಂದಿಗೆ ಯಾರು ಓದಿ ಹೇಳಬೇಕ್ರಿ?" ಎಂದು ನಮ್ಮ ಸೀಟಿಗೆ ಯಾರನ್ನೂ ಕಳಿಸಲಿಲ್ಲ.

ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರು ಗಾಬರಿಯಾಗಬೇಡಿ. ನಾನು ಡಕಾಯಿತಳಲ್ಲ. ವಾರವಿಡೀ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ, ಭಾನುವಾರ ಬೆಳಿಗ್ಗೆ ಮಾತ್ರ ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹೊಡೆಯುತ್ತೇನೆ. ಕಾಗದದ ಗುರಿ. (ಇಲ್ಲಿಯವರೆಗೆ ಒಂದು ಇರುವೆಯನ್ನೂ ಕೊಂದಿಲ್ಲ. ಗುರಿಪಟದ ಮೇಲೆ ಹರಿದಾಡುತ್ತಿದ್ದರೆ ಅದರ ಹಣೆಬರಹ.) ಜುಬೇದಾ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಮ್ಮ ರೈಫಲ್ ಕ್ಲಬ್ಬಿನಲ್ಲಿ ಹೆಂಗಸರು ಅಂತ ಇರುವವರು ನಾವಿಬ್ಬರೇ. ಅವಳು ಸಲ್ವಾರ್ ಕಮೀಜ್, ನಾನು ನಮ್ಮ ಯಜಮಾನರ ಹಳೇ ಪ್ಯಾಂಟು. ಸೀರೆ ಉಟ್ಟು ಬೋರಲು ಮಲಗಿ ಏಳುವುದು ಎಷ್ಟು ಕಷ್ಟ ಅಂತ ಗಂಡಸರಿಗೇನು ಗೊತ್ತು?

ಇಬ್ಬರಿಗೂ ಒಂದೇ ರೈಫಲ್. ಪಾಯಿಂಟ್ ಟೂ ಟೂ, ಸಣ್ಣ ಗುಂಡಿನದು. ನಮ್ಮಪ್ಪನದು. ಅಪ್ಪ ಲೋಂಡಾದಲ್ಲಿ ಫಾರೆಸ್ಟ್ ರೇಂಜರ್ ಆಗಿದ್ದರು. ರಿಟೈರ್ ಆದಮೇಲೆ ಅಣ್ಣನಿಗೆ ಗಡಿಯಾರ, ನನಗೆ ರೈಫಲ್ ಅಂತ ಹಂಚಿದರು. ಅಣ್ಣ ಈಗಲೂ ಮುಖ ಊದಿಸಿಕೊಂಡಿದ್ದಾನೆ.

ಈ ರೈಫಲ್ಲಿನ ಗುಣ ಒಂದೇ. ಒಗ್ಗುವ ಕಾಡತೂಸು ಹಾಕಿದರೆ ಹೇಳಿದಲ್ಲಿಗೆ ಗುಂಡು ಕಳಿಸುತ್ತದೆ. ಒಗ್ಗದ್ದು ಹಾಕಿದರೆ ಒಂದು ಮೇಲೆ, ಒಂದು ಕೆಳಗೆ, ಒಂದು ಪಕ್ಕದ ಜಿಲ್ಲೆಗೆ. ಒಗ್ಗುವ ಮಾಲು ಕೆಲವು ವರ್ಷ ನಿರಾತಂಕವಾಗಿ ಸಿಗುತ್ತಿತ್ತು. ಈ ವರ್ಷ ಬರುವುದೇ ನಿಂತಿತು. ಅದೂ ಯಾವಾಗ? ಹುಬ್ಬಳ್ಳಿಯ ಸ್ಪರ್ಧೆ ಎದುರಿಗಿರುವಾಗ.

ಪ್ರತಿವರ್ಷದ ಸ್ಪರ್ಧೆಯಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಈ ಸಲ ನಮ್ಮ ಸೆಕ್ರೆಟರಿ ಸಾಹೇಬರು ಒಂದು ಶರತ್ತು ಹಾಕಿದ್ದರು. ಅವರು ಮಿಲಿಟರಿಯಿಂದ ರಿಟೈರ್ ಆದ ಕ್ಯಾಪ್ಟನ್. ಮೀಸೆ ಇನ್ನೂ ರಿಟೈರ್ ಆಗಿಲ್ಲ. "ಹೆಣ್ಮಕ್ಕಳ ಟೀಮು ಹುಬ್ಬಳ್ಳ್ಯಾಗ ಮೊದಲ ಮೂರರಾಗ ಬರಬೇಕು. ಇಲ್ಲಾಂದ್ರ ರವಿವಾರ ಮುಂಜಾನಿ ಟೈಮ್ ಕಾಲೇಜ್ ಹುಡುಗರಿಗೆ ಕೊಡತೇನಿ. ನೀವು ಬ್ಯಾರೆ ದಿವಸ ಬರ್ರಿ."

ಬೇರೆ ದಿವಸ ನಾವು ನೌಕರಿಗೆ ಹೋಗಬೇಕಲ್ಲ? ಭಾನುವಾರ ಕೈತಪ್ಪಿದರೆ ನಮ್ಮ ಗುರಿ ಹೊಡೆಯುವುದೇ ಹೋದಂತೆ. ಇಡೀ ವಾರದಲ್ಲಿ ಯಾರೂ ನನ್ನನ್ನು "ಮೇಡಂ" ಎಂದಾಗಲಿ "ಅಮ್ಮಾ" ಎಂದಾಗಲಿ ಕರೆಯದ ಎರಡು ತಾಸು ಅದು. ಬಿಡುವುದು ಹೇಗೆ?

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಇನಾಮದಾರ ಸಾಹೇಬರ ಬಂದೂಕಿನ ಅಂಗಡಿ ಇದೆ. ಓಡಿದೆವು. ಅವರು ಎರಡು ನಮೂನೆ ತೆಗೆದಿಟ್ಟರು. ಒಂದು ವಿಲಾಯತಿ ಮಾಲು. ಡಬ್ಬಿ ನೋಡಿದರೇ ಕೈಮುಗಿಯಬೇಕು, ಬೆಲೆ ಕೇಳಿದರೆ ಕೈ ತಾನೇ ಇಳಿಯುತ್ತದೆ. ಇನ್ನೊಂದು ನಮ್ಮ ದೇಶದ್ದೇ, ಅಗ್ಗ, ಹೊಸದಾಗಿ ಬಂದದ್ದು. ಅಗ್ಗದ್ದನ್ನೇ ತಂದು ಹೊಡೆದು ನೋಡಿದೆವು. ಗುರಿಪಟ ಕೊತ್ತಂಬರಿ ಸಾಣಿಸುವ ಜರಡಿಯ ಹಾಗಾಯಿತು.

ವಿಲಾಯತಿ ಡಬ್ಬಿಯ ಬೆಲೆಯನ್ನು ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು ಸೊಳ್ಳೆಯನ್ನು ಕೂಡ ಬಟ್ಟೆಯಿಂದ ಬೀಸಿ ಹೊರಗೆ ಕಳಿಸುವ ಮನುಷ್ಯ. ಬಹಳ ಶಾಂತವಾಗಿ ಕೇಳಿದರು: "ಅಷ್ಟು ತುಟ್ಟಿ ಸಾಮಾನು ಹೊಡದ ಮ್ಯಾಲೆ ತಿರುಗಿ ಬರತೈತೇನು?"

ಮತ್ತೆ ಇನಾಮದಾರ ಸಾಹೇಬರ ಹತ್ತಿರ ಹೋದೆವು. ಅವರು ಗಡ್ಡ ನೀವಿಕೊಂಡು ಯೋಚಿಸಿದರು. "ಬೇಟಾ, ನಿಮ್ಮ ಹಳೇ ಮಾಲು ಇನ್ನ ಬರಾಂಗಿಲ್ಲ. ಆದ್ರ ಖಾನಾಪುರದಾಗ ಗಾವಡೆ ಮಾಮಾ ಅಂತ ಒಬ್ರು ಡೀಲರ್ ಅದಾರ. ಅವರ ಕಡೆ ಪಾಯಿಂಟ್ ಟೂ ಟೂ ಯಾರೂ ಕೇಳಾಂಗಿಲ್ಲ. ಹಿಂದಿನ ಯಾವುದಾದ್ರೂ ಲಾಟ್ ಉಳದಿದ್ರೂ ಉಳದೀತು. ಹೋಗಿ ನೋಡ್ರಿ." ತನ್ನ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ವ್ಯಾಪಾರಿಯನ್ನು ನೀವೆಷ್ಟು ಜನ ನೋಡಿದ್ದೀರಿ? ನಾನು ಇವರೊಬ್ಬರನ್ನೇ.

ಶನಿವಾರ ಮಧ್ಯಾಹ್ನ ಖಾನಾಪುರಕ್ಕೆ ಹೋದೆವು. ಗಾವಡೆ ಮಾಮಾರ ಅಂಗಡಿಯಲ್ಲಿ ಬೀಜದ ಚೀಲ, ಕುಡುಗೋಲು, ಹಗ್ಗ, ಪಂಪ್‌ಸೆಟ್ಟಿನ ವಾಷರ್. ಎಲ್ಲದರ ಹಿಂದೆ ಬೀಗ ಹಾಕಿದ ಕಪಾಟು. ಅದರಲ್ಲಿ ಕಾಡತೂಸು. ಬೆಳೆ ಕಾಯುವ ರೈತರಿಗಾಗಿ ಇಟ್ಟ ದೊಡ್ಡ ತೋಟಾಗಳೇ ಎಲ್ಲ. ನಾವು ಕೇಳಿದ್ದನ್ನು ಕೇಳಿ ಮಾಮಾ ನಕ್ಕೇ ನಕ್ಕರು.

"ಪಾಯಿಂಟ್ ಟೂ ಟೂ? ಅಯ್ಯ ತಂಗೀ, ಇಲ್ಲಿ ಹಂದಿಗೆ ಅದು ಗುಳಿಗಿ ನುಂಗಿಸಿದಂಗ! ಹಿಂದ ಒಬ್ರು ದೊಡ್ಡ ಆಫೀಸರು ಬೇಕಂದ್ರು. ತರಿಸಿದೆ. ಮಾಲು ಬರೂದಕ್ಕ ಅವರ ಬದಲಿ ಆತು. ಅವತ್ತಿಂದ ಕಪಾಟನ್ಯಾಗ ಬಿದ್ದಾವ."

ಹೊರಗೆ ತೆಗೆದರು. ನಮ್ಮ ದೇಶದ್ದೇ ಮಾಲು, ಆದರೆ ಬೇರೆ ಲಾಟು, ಅಂದರೆ ಬೇರೆ ಸಲ ತಯಾರಾದದ್ದು. ಡಬ್ಬಿಯ ಬಣ್ಣ ಮಾಸಿತ್ತು, ಒಳಗಿನದು ಹೊಸದರಂತೆ ಹೊಳೆಯುತ್ತಿತ್ತು. ಬೆಲೆ ಇನಾಮದಾರ ಸಾಹೇಬರ ಅಗ್ಗದ ಮಾಲಿಗಿಂತಲೂ ಕಡಿಮೆ. ಆದರೂ ಜುಬೇದಾ ಬಿಡುತ್ತಾಳೆಯೇ? ಮನೆಯಲ್ಲಿ ದಖನಿ ಉರ್ದು, ಸಾಲೆಯಲ್ಲಿ ಕನ್ನಡ, ಚೌಕಾಶಿಗೆ ಮಾತ್ರ ಮರಾಠಿ. "ಮಾಮಾ, ಥೋಡಂ ಕಮೀ ಕರಾ ನಾ!" ಮಾಮಾ ಕರಗಿದರು.

ಒಂದೇ ಡಬ್ಬಿ ತಗೊಂಡೆವು. ರೈಫಲ್ಲಿಗೆ ಒಗ್ಗುತ್ತದೋ ಇಲ್ಲವೋ ನೋಡದೆ ಹೆಚ್ಚಿಗೆ ತಗೊಳ್ಳುವುದು ಹೇಗೆ? ಉಳಿದದ್ದು ತಿಂಗಳ ಪಗಾರ ಆದಮೇಲೆ ಎಂದುಕೊಂಡೆವು. ವಾಪಸು ಬಸ್ಸಿನ ಕಥೆ ಆಗಲೇ ಹೇಳಿದೆ.

ಮರುದಿನ ಬೆಳಿಗ್ಗೆ ಚಾಪೆ ಹಾಸಿದೆವು. ಜುಬೇದಾ ಐದು ಗುಂಡು ಹೊಡೆದಳು. ಗುರಿಪಟ ತರಲು ನಾನು ಹೋದೆ. ನೋಡುತ್ತೇನೆ, ಐದು ತೂತುಗಳೂ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮೇಲೆ ನಾಲ್ಕಾಣೆ ಇಟ್ಟರೆ ಎಲ್ಲವೂ ಮುಚ್ಚಿಹೋಗುತ್ತಿದ್ದವು. ನಾನು ಅಲ್ಲಿಂದಲೇ ಕೂಗಿದೆ. ಪಿ.ಟಿ. ಟೀಚರ್ ಮೈದಾನದಲ್ಲಿ ಕುಣಿದದ್ದನ್ನು ಅವಳ ಸಾಲೆಯ ಹುಡುಗಿಯರು ನೋಡಲಿಲ್ಲ, ಪುಣ್ಯ.

ಕ್ಯಾಪ್ಟನ್ ಸಾಹೇಬರು ಬಂದು ಗುರಿಪಟವನ್ನು ಬೆಳಕಿಗೆ ಹಿಡಿದು ನೋಡಿದರು. ಮೀಸೆ ಕುಣಿಯಿತು. "ಯಾವ ಮಾಲು ಇದು?"

"ಖಾನಾಪುರ, ಸರ್! ಗಾವಡೆ ಮಾಮಾ ಕಡೆ! ಇನ್ನೂ ಭಾಳ ಐತ್ರಿ!" ಎಂದಳು ಜುಬೇದಾ. (ಹೇಳಿದೆನಲ್ಲ, ಅವಳಿಗೆ ಸುಳ್ಳು ಬರುವುದಿಲ್ಲ. ಸುಮ್ಮನಿರುವುದೂ ಬರುವುದಿಲ್ಲ.)

ಪಗಾರ ಆಯಿತು. ಮುಂದಿನ ಶನಿವಾರ ದೊಡ್ಡ ಚೀಲ ತಗೊಂಡು ಖಾನಾಪುರಕ್ಕೆ ಹೋದೆವು. ನಮ್ಮನ್ನು ನೋಡಿದ ಕೂಡಲೇ ಗಾವಡೆ ಮಾಮಾರ ಮುಖ ಸಣ್ಣದಾಯಿತು.

"ಎಲ್ಲಾ ಹೋತಲ್ಲ ತಂಗೀ. ಮೊನ್ನೆ ಒಬ್ರು ಜೀಪ್‌ನ್ಯಾಗ ಬಂದ್ರು. ಕ್ಲಬ್ಬಿನ ಲೈಸನ್ಸ್ ತೋರಿಸಿದ್ರು. ಇದ್ದಬಿದ್ದ ಮಾಲೆಲ್ಲಾ ಕಟ್ಟಿಸಿಕೊಂಡು ಹೋದ್ರು."

"ಮೀಸಿ ಇತ್ತೇನ್ರಿ?" ಎಂದೆ.

"ಮೀಸಿನ ಮೊದಲ ಬಂತ್ರಿ, ಆಮ್ಯಾಲೆ ಅವರು ಬಂದ್ರು."

ಜುಬೇದಾ ಬೀಜದ ಚೀಲದ ಮೇಲೆ ಕುಸಿದಳು. ಅವಳ ಕಣ್ಣಲ್ಲಿ ನೀರು. ಯಾವತ್ತೂ "ಮಾಲಿನ್ಯಾಗ ಏನಿಲ್ಲ ಬಾಯಾರ, ಎಲ್ಲಾ ಕೈಯ್ಯಾಗ ಇರತೈತಿ" ಎಂದು ನಮಗೆ ಪಾಠ ಹೇಳುತ್ತಿದ್ದವರು ಈ ಕ್ಯಾಪ್ಟನ್ ಸಾಹೇಬರೇ ಅಲ್ಲವೇ? ಮಾಮಾ ತಾವೇ ಹೋಗಿ ಚಹಾ ತರಿಸಿದರು. ಕುಡಿದೆವು. ಅವತ್ತು ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು. ಚೀಲ ಖಾಲಿಯಿತ್ತಲ್ಲ, ಯಾರೂ ಸೀಟು ಬಿಡಲಿಲ್ಲ.

"ನಾಳಿ ನಾ ಬರಾಂಗಿಲ್ಲಕ್ಕಾ," ಎಂದಳು ಜುಬೇದಾ, ಬಸ್‌ಸ್ಟ್ಯಾಂಡಿನಲ್ಲಿ ಇಳಿದಮೇಲೆ. "ಅವರ ಮಾರಿ ನೋಡಿದ್ರ ನನ್ನ ಬಾಯಿ ಸುಮ್ಮನಿರಾಂಗಿಲ್ಲ."

"ಬಾ. ಡಬ್ಬಿಯೊಳಗ ಇನ್ನೂ ಒಂದಿಷ್ಟು ಉಳದಾವ. ಅವನ್ನ ಅವರ ಬಾಜೂಕ ಮಲಗಿನ ಹೊಡಿಯೂಣು," ಎಂದೆ.

ಬಂದಳು. ಭಾನುವಾರ ಬೆಳಿಗ್ಗೆ ಕ್ಯಾಪ್ಟನ್ ಸಾಹೇಬರು ಆಗಲೇ ಚಾಪೆಯ ಮೇಲಿದ್ದರು. ಅವರ ರೈಫಲ್ ಜರ್ಮನಿಯದು. ಅದರ ಬೆಲ್ಟನ್ನು ಮಾರಿದರೆ ನಮ್ಮ ರೈಫಲ್ ಬರುತ್ತದೆ. ಪಕ್ಕದಲ್ಲಿ ಮಾಸಿದ ಬಣ್ಣದ ಡಬ್ಬಿ. ನಮ್ಮ ಡಬ್ಬಿ! ನಮ್ಮನ್ನು ನೋಡಿ ನೋಡದ ಹಾಗೆ ಮಾಡಿ ಐದು ಗುಂಡು ಹೊಡೆದರು. ದುರ್ಬೀನಿನಿಂದ ನೋಡಿದರು. ಮತ್ತೆ ನೋಡಿದರು. ದುರ್ಬೀನಿನ ಗಾಜು ಒರೆಸಿ ಮತ್ತೆ ನೋಡಿದರು.

ಗುಂಡುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ನಾಲ್ಕೂ ಮೂಲೆಗೆ ಹೋಗಿದ್ದವು.

"ಗಾಳಿ ಐತಿ," ಎಂದರು ಸಾಹೇಬರು. ಬೇವಿನ ಮರದಲ್ಲಿ ಒಂದೆಲೆ ಅಲುಗುತ್ತಿರಲಿಲ್ಲ. ಸೈಟ್ ತಿರುಗಿಸಿ ಹೊಡೆದರು. ಅದೇ ಕಥೆ. ಚಾಪೆ ಬದಲಿಸಿದರು. ಅದೇ. ಕನ್ನಡಕ ಬದಲಿಸಿದರು. ಇನ್ನೂ ಕೆಟ್ಟಿತು.

ನಾವು ಪಕ್ಕದಲ್ಲಿ ಮಲಗಿ ಉಳಿದದ್ದನ್ನು ಹೊಡೆದೆವು. ಮೊದಲು ನಾನು, ಆಮೇಲೆ ಜುಬೇದಾ. ಎಲ್ಲವೂ ಮತ್ತೆ ಒಂದೇ ಕಡೆ.

ಒಂದೇ ಕಾರ್ಖಾನೆ. ಒಂದೇ ಲಾಟು. ನಮ್ಮ ಮುದುಕ ರೈಫಲ್ಲಿಗೆ ಅಮೃತ, ಅವರ ಜರ್ಮನಿಯದಕ್ಕೆ ವಿಷ. ಯಾಕೆ? ಕ್ಲಬ್ಬಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕಾರಣ ಗೊತ್ತಿತ್ತು. ಒಬ್ಬರ ಕಾರಣ ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ರಸಾಯನಶಾಸ್ತ್ರದವಳಾದ ನನಗೂ ಗೊತ್ತಿಲ್ಲ.

ಆದರೆ ಇದು ಬಂದೂಕಿನದಷ್ಟೇ ಸಂಗತಿಯೇ? ನಮ್ಮ ಸದಾಶಿವನಗರದ ಓಣಿಯಲ್ಲಿ ಒಬ್ಬರ ಮನೆಗೆ ಮಿಕ್ಸರ್ ಬಂತು ಅಂತ ಎಲ್ಲರ ಮನೆಗೂ ಅದೇ ಮಿಕ್ಸರ್ ಬಂತು. ಅವರ ಮನೆಯಲ್ಲಿ ಚಟ್ನಿ ರುಬ್ಬಿದ್ದು ನಮ್ಮ ಮನೆಯಲ್ಲಿ ಬರೀ ಭೋಂ ಎಂದಿತು. ಒಬ್ಬರ ಮಗ ಒಂದು ಟ್ಯೂಷನ್ನಿಗೆ ಹೋಗಿ ಪಾಸಾದ, ಓಣಿಯ ಎಲ್ಲ ಹುಡುಗರೂ ಅಲ್ಲಿಗೇ ಹೋಗಿ ಗಣಿತಕ್ಕೇ ಹೆದರುವಂತಾದರು. ಪಕ್ಕದ ಮನೆಯವರ ಮೊಣಕಾಲಿಗೆ ಗುಣ ಕೊಟ್ಟ ಎಣ್ಣೆ ನಮ್ಮತ್ತೆಯವರಿಗೆ ಕೊಟ್ಟದ್ದು ತುರಿಕೆ ಮಾತ್ರ. ಇನ್ನೊಬ್ಬರ ಗುರಿಪಟ ನೋಡಿ ಜೀಪು ಹತ್ತುವುದರಲ್ಲಿ ನಾವೆಲ್ಲ ಕ್ಯಾಪ್ಟನ್ನರೇ.

ಮಧ್ಯಾಹ್ನವಾಗುತ್ತ ಬಂದಿತ್ತು. ಸಾಹೇಬರು ಬೆವರು ಒರೆಸಿಕೊಳ್ಳುತ್ತ ನಮ್ಮ ಹತ್ತಿರ ಬಂದರು. ಕೆಮ್ಮಿದರು.

"ಏನಂದ್ರ ಬಾಯಾರ, ಇದು ಕ್ಲಬ್ಬಿನ ಮಾಲು. ಯಾವ ಮೆಂಬರಿಗೆ ಬೇಕಾದ್ರೂ ತಗೋಬಹುದು. ತಂದ ದರ, ಮ್ಯಾಲೆ ಜೀಪಿನ ಪೆಟ್ರೋಲ್ ಖರ್ಚು ಅಷ್ಟ."

ಇದಕ್ಕೇ ಕಾಯುತ್ತಿದ್ದವಳ ಹಾಗೆ ಜುಬೇದಾ ಎದ್ದು ಕೂತಳು. "ಪೆಟ್ರೋಲ್ ನಮಗ್ಯಾಕ್ರಿ ಸರ್? ನಾವು ಬಸ್ಸಿನ್ಯಾಗ ಹೋಗಿದ್ವಿ!"

ಸುತ್ತಲಿದ್ದವರೆಲ್ಲ ನಕ್ಕರು. ಸಾಹೇಬರು ಮೀಸೆ ತಿರುವಿದರು. ಆಮೇಲೆ ಅವರೂ ನಕ್ಕರು. ದೊಡ್ಡ ನಗೆ, ಹೊಟ್ಟೆ ಹಿಡಿದುಕೊಂಡು. ಮನುಷ್ಯ ಕೆಟ್ಟವರಲ್ಲ. ಗೆಲ್ಲುವ ಆಸೆ ಜಾಸ್ತಿ, ಅಷ್ಟೇ. ನಮಗಿಲ್ಲವೇ? ತಂದ ದರಕ್ಕೇ ಎಲ್ಲ ಡಬ್ಬಿಗಳೂ ನಮ್ಮ ಪಾಲಿಗೆ ಬಂದವು.

ಹುಬ್ಬಳ್ಳಿಗೆ ಹೋದೆವು. ಜುಬೇದಾ ಹೊಡೆಯುವುದನ್ನು ನೋಡಲು ಬೇರೆ ಕ್ಲಬ್ಬಿನವರೂ ಹಿಂದೆ ಬಂದು ನಿಂತಿದ್ದರು. ನಾನೂ ಚೆನ್ನಾಗಿಯೇ ಹೊಡೆದೆ. ಆದರೆ ಒಂದು ಗುಂಡನ್ನು ಪಕ್ಕದವರ ಗುರಿಪಟದ ನಟ್ಟನಡುವೆ ಹೊಡೆದುಕೊಟ್ಟೆ. ಏನು ಅಚ್ಚುಕಟ್ಟಾಗಿ ಬಿದ್ದಿತ್ತು ಅಂತೀರಿ! ಅವರು ಬಂದು ಥ್ಯಾಂಕ್ಸ್ ಹೇಳಿದರು. ಆ ಒಂದು ಗುಂಡಿನಿಂದ ಮೊದಲ ಸ್ಥಾನ ಹೋಯಿತು, ಎರಡನೆಯದು ಉಳಿಯಿತು. (ಇದಕ್ಕೆ ಕಾಡತೂಸು ಹೊಣೆಯಲ್ಲ ಎಂದು ಬರೆದು ಕೊಡಬೇಕಂತೆ. ಜುಬೇದಾಳ ಹಟ. ಇಗೋ, ಬರೆದಿದ್ದೇನೆ.)

ಭಾನುವಾರ ಬೆಳಿಗ್ಗೆ ನಮ್ಮದೇ ಉಳಿಯಿತು. ಕ್ಯಾಪ್ಟನ್ ಸಾಹೇಬರು ತಾವೇ ಕುಂದಾ ತಂದು ಎಲ್ಲರಿಗೂ ಹಂಚಿದರು. ಬೋರ್ಡಿನ ಮೇಲೆ ನಮ್ಮಿಬ್ಬರ ಹೆಸರನ್ನು ತಾವೇ ಸುಣ್ಣದ ಕಡ್ಡಿಯಿಂದ ಬರೆದರು. ಆಮೇಲೆ ಆಚೀಚೆ ನೋಡಿ, ಯಾರೂ ಇಲ್ಲದಾಗ ನಮ್ಮ ಹತ್ತಿರ ಬಂದು ದನಿ ತಗ್ಗಿಸಿದರು.

"ಬಾಯಾರ, ಖರೇ ಹೇಳ್ರಿ. ಹಂಗಾರ ನನ್ನ ರೈಫಲ್ಲಿಗೆ ಯಾವ ಮಾಲು ಛಲೋ ಆದೀತು?"

ಜುಬೇದಾ ಕುಂದಾ ನುಂಗಿ ಕೇಳಿದಳು: "ನಿಮ್ಮ ರೈಫಲ್ಲಿಗೂ ಬಾಯಿ ಐತಲ್ರೀ ಸರ್, ಅದನ್ನ ಯಾಕ ಕೇಳವಲ್ರಿ?"