ಒಂಬತ್ತು ಅಡಿ ಫಿಲ್ಮು

ಬೆಳಗಿನ ಆರು ಗಂಟೆ. ಮುದ್ದೇಬಿಹಾಳದ ಹಳೆಯ ಟಾಕೀಸಿನೊಳಗೆ ಒಂದೇ ಒಂದು ಬಲ್ಬು ಉರಿಯುತ್ತಿದೆ. ಕಾಸಿಂಸಾಬ ಪರದೆಯ ಬುಡದಿಂದ ಗುಡಿಸುತ್ತ ಹಿಂದಕ್ಕೆ ಬರುತ್ತಾರೆ. ಪ್ರತಿ ಸಾಲಿನ ಕೊನೆಗೆ ನಿಂತು, ಗುಡ್ಡೆಯಾದ ಶೇಂಗಾ ಸಿಪ್ಪೆಯನ್ನು ಒಂದು ಗಳಿಗೆ ನೋಡಿ, ಆಮೇಲೆ ಬುಟ್ಟಿಗೆ ತುಂಬುತ್ತಾರೆ. ನಾನೂರ ಹನ್ನೆರಡು ಕುರ್ಚಿ ಮುಗಿಯುವಾಗ ಎರಡು ಬುಟ್ಟಿ ತುಂಬಿ ಮೂರನೆಯದು ಅರ್ಧಕ್ಕೆ ಬಂದಿದೆ.

“ಪಿಕ್ಚರ್ ಏನೂ ಇರಲಿಲ್ಲ ಬಿಡ್ರಿ, ಬರೇ ಬಾಂಬು,” ಎನ್ನುತ್ತಾರೆ ನಿನ್ನೆ ಓಡಿದ ಯುದ್ಧದ ಸಿನಿಮಾದ ಬಗ್ಗೆ. “ಗುಂಡಿನ ಸಪ್ಪಳದಾಗ ಮಂದಿ ಪಟಪಟ ಶೇಂಗಾ ಒಡೀತಾರ. ಪರದೆ ಮ್ಯಾಲ ಎಲ್ಲಾ ಸುಮ್ಮನಾದಾಗ ಒಡ್ಯಾಕ ನಾಚತಾರ. ಒಳ್ಳೆ ಪಿಕ್ಚರ್ ಇದ್ದರ ನನಗ ಕಸಾ ಕಮ್ಮಿ.”

ಅರವತ್ನಾಲ್ಕರ ಕಾಸಿಂಸಾಬ ಈ ಟಾಕೀಸಿನಲ್ಲಿ ಸಿನಿಮಾ ಓಡಿಸಲು ನಿಂತು ಮೂವತ್ತೆಂಟು ವರ್ಷವಾಯಿತು. ತಂದೆ ನಬಿಲಾಲ ಟೆಂಟ್ ಸಿನಿಮಾದ ಜೊತೆ ಇಂಡಿ, ಸಿಂದಗಿ, ಬಾಗೇವಾಡಿ ಸುತ್ತಿದವರು. ಮಗ ಹತ್ತನೇ ವಯಸ್ಸಿಗೇ ರೀಲು ಸುತ್ತುವುದನ್ನು ಕಲಿತ. ದಿನಕ್ಕೆ ನಾಲ್ಕು ಆಟ, ಆಟಕ್ಕೆ ಹದಿನಾಲ್ಕು ರೀಲು, ರೀಲಿಗೆ ಹತ್ತು ನಿಮಿಷ. ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ಯಂತ್ರ, ಅವುಗಳೊಳಗೆ ಪರದೆಗೆ ಬೆಳಕು ಕೊಡುತ್ತ ಬಿಳಿಯಾಗಿ ಉರಿಯುವ ಕಾರ್ಬನ್ ಕಡ್ಡಿ. ಅದರ ಹೊಗೆ ಕೊಟ್ಟ ಕೆಮ್ಮು ಈಗಲೂ ಇದೆ. ಯಂತ್ರದ ಸದ್ದಿಗೆ ಎಡಗಿವಿ ಮಂದವಾಗಿದೆ. ಡಿಜಿಟಲ್ ಬಂದಾಗ ಉಳಿದ ನಾಲ್ವರು ಕೆಲಸ ಬಿಟ್ಟು ಹೋದರು. ಅಂದಿನಿಂದ ಆಪರೇಟರ್ ಇವರೇ, ಗೇಟ್ ಕಾಯುವವರು ಇವರೇ, ಕಸ ಹೊಡೆಯುವವರೂ ಇವರೇ.

ಕಸ ಹೊಡೆಯಲು ಶುರುಮಾಡಿದ ಮೇಲೆ ಯಂತ್ರದ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದ ಬರಹ ಬೆಳೆದಿದೆ. ಯುದ್ಧದ ಸಿನಿಮಾಗಳ ಹೆಸರು, ಎದುರಿಗೆ ಬುಟ್ಟಿಗಳ ಸಂಖ್ಯೆ. ಬೇರೆ ಸಿನಿಮಾಗಳಿಗೆ ಅಲ್ಲಿ ಜಾಗವಿಲ್ಲ. ಸುತ್ತಲಿನ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರು ಬಹಳ. ಯುದ್ಧದ ಸಿನಿಮಾ ಇದ್ದಾಗ ಅವರಿಗೂ ಅವರ ಮನೆಯವರಿಗೂ ಟಿಕೆಟ್ ಬೇಕಿಲ್ಲ. ಕೊನೆಯ ಸಾಲಿನ ಹಿಂದಿರುವ ಮರದ ಬೆಂಚು ಅವರದು. ಮಾಲೀಕ ರಾವಸಾಬರ ತಂದೆಯ ಕಾಲದ ಈ ರೂಢಿ ಇನ್ನೂ ತಪ್ಪಿಲ್ಲ. ಅದು ‘ಫೌಜಿ ಬೆಂಚು’.

ಆ ಬೆಂಚಿನ ಕಾಯಂ ಗಿರಾಕಿ ನಾಲತವಾಡದ ಚಂದಪ್ಪ, ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಬಂದವರು. ಇವತ್ತು ಶನಿವಾರದ ಸಂತೆಗೆಂದು ಬಂದವರು ನೇರ ಯಂತ್ರದ ಕೋಣೆಗೆ ಹತ್ತಿದ್ದಾರೆ. ಯಾವ ಯುದ್ಧದ ಸಿನಿಮಾ ದೊಡ್ಡದು ಎಂಬ ಇಬ್ಬರ ವಾದ ಮೂವತ್ತು ವರ್ಷದ್ದು.

“ಗುಂಡ ತಗಲಿದಾಂವ ಹತ್ತು ಮಿನಿಟ್ ಭಾಷಣ ಬಿಗಿಯೂದಿಲ್ಲೋ ಆಪರೇಟರ,” ಎನ್ನುತ್ತಾರೆ ಚಂದಪ್ಪ. “ನೀರು ಕೇಳ್ತಾನ, ಅಷ್ಟ. ಯುದ್ಧ ಅಂದ್ರ ಹೆಚ್ಚಿನ ಹೊತ್ತೆಲ್ಲಾ ಕಾಯೂದು. ಕಾಲುಚೀಲ ಒಣಗಸೂದು, ಚಹಾ ಕಾಸೂದು, ಊರಿಂದ ಬಂದ ಪತ್ರಾ ಮತ್ತ ಮತ್ತ ಓದೂದು. ಅದನ್ನ ತೋರಸಾಕ ಇವರಿಗೆ ಧೈರ್ಯ ಇಲ್ಲ.”

ಒಂದರ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ಅದು ಹಳೆಯದೊಂದು ಹಿಂದಿ ಚಿತ್ರ. ಹೆಸರು ಊರಿಗೆ ಮರೆತುಹೋಗಿದೆ, ಎಲ್ಲರೂ ‘ವೈರ್‌ಲೆಸ್ ಪಿಕ್ಚರ್’ ಎನ್ನುತ್ತಾರೆ. ಹಿಮದ ಠಾಣೆಯಲ್ಲಿ ವೈರ್‌ಲೆಸ್ ಹಿಡಿದು ಕೂತ ಹುಡುಗನ ಕತೆ. ಶತ್ರುವಿನ ಮುಖ ಅದರಲ್ಲಿ ಒಮ್ಮೆಯೂ ಕಾಣುವುದಿಲ್ಲ. ಆಚೆ ಕಡೆಯ ವೈರ್‌ಲೆಸ್‌ನವನ ಕೆಮ್ಮು ಮಾತ್ರ ಇವನ ಕಿವಿಗೆ ಬೀಳುತ್ತಿರುತ್ತದೆ. ಒಂದು ದಿನ ಆ ಕೆಮ್ಮು ಕೇಳದಿದ್ದಾಗ ಇವನು ಊಟ ಬಿಡುತ್ತಾನೆ. “ಆ ಒಂದು ಸೀನಿಗೆ ನಾ ಹತ್ತು ಪಿಕ್ಚರ್ ಕೊಡ್ತೇನಿ,” ಎಂಬುದು ಕಾಸಿಂಸಾಬರ ತೀರ್ಪು. ಹನ್ನೊಂದನೇ ರೀಲಿನಲ್ಲಿ ಹುಡುಗ ಚಹಾ ಕಾಸುತ್ತ ಅವ್ವನ ಪತ್ರ ಓದುತ್ತಾನೆ. ಹನ್ನೆರಡರಲ್ಲಿ ಸಾಯುತ್ತಾನೆ.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಎರಡು ಡಬ್ಬಿಗಳ ಮುಚ್ಚಳ ಅದಲುಬದಲಾಗಿದ್ದವು. ಕಾಸಿಂಸಾಬ ಮುಚ್ಚಳದ ನಂಬರು ನೋಡಿ ಏರಿಸಿಬಿಟ್ಟರು. ಹುಡುಗ ಮೊದಲು ಸತ್ತ. ಜನ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬಂದು ಒಲೆ ಹೊತ್ತಿಸಿ ಚಹಾಕ್ಕೆ ಇಟ್ಟ. ಬೈಗುಳ ಬೀಳುತ್ತದೆ ಎಂದು ಇವರು ಕಾದರೆ ಬಂದದ್ದು ಸಿಳ್ಳೆ, ಚಪ್ಪಾಳೆ. ಆಟ ಬಿಟ್ಟ ಮೇಲೆ ಒಬ್ಬ ಹೆಂಗಸು ಮೆಟ್ಟಿಲೇರಿ ಬಂದಳು. ಗೊಳಸಂಗಿಯ ಸಾತವ್ವ. ಸೈನ್ಯದಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದ ಮಗ ಯಲ್ಲಾಲಿಂಗ ಹಿಮ ಕುಸಿದು ತೀರಿಕೊಂಡು ಆಗ ಎರಡು ವರ್ಷ. “ತಮ್ಮಾ, ನಾಳಿನೂ ಹಿಂಗ ಹಾಕು,” ಎಂದಳು.

ಮರುದಿನ ಕಾಸಿಂಸಾಬ ಸರಿಯಾಗಿಯೇ ಹಾಕಿದರು. ಹನ್ನೆರಡನೇ ರೀಲಿನ ನಡುವೆ ಸಾತವ್ವ ಎದ್ದು ಹೋಗುವುದು ಮೇಲಿನ ಕಿಂಡಿಯಿಂದ ಕಂಡಿತು. ಆಮೇಲೆ ಆಕೆ ಟಾಕೀಸಿನ ಕಡೆ ಬರಲೇ ಇಲ್ಲ.

ಆ ಚಿತ್ರದ ಪ್ರಿಂಟನ್ನು ಹಂಚಿಕೆದಾರರು ವಾಪಸು ಒಯ್ಯಲಿಲ್ಲ. ಅದು ಇಲ್ಲಿಯೇ ಉಳಿದಿದೆ. ಉಳಿದಿರುವ ಕಾರ್ಬನ್ ಕಡ್ಡಿ ಒಂದೇ ಆಟಕ್ಕೆ ಸಾಕಾಗುವಷ್ಟು. ಸೋಮವಾರ ಹಳೆಯ ಯಂತ್ರಗಳೆರಡನ್ನೂ ಬಿಚ್ಚಿ ಸಾಗಿಸಲು ರಾವಸಾಬರು ಹೇಳಿಯಾಗಿದೆ. ಅದಕ್ಕೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವೈರ್‌ಲೆಸ್ ಪಿಕ್ಚರಿನ ಕೊನೆಯ ಆಟ; ಅವತ್ತು ಬೇರೆ ಆಟವಿಲ್ಲ. ಚಂದಪ್ಪ ಸುದ್ದಿ ತಂದಿದ್ದಾರೆ: ಪಿಂಚಣಿಯ ಸಾಲಿನಲ್ಲಿ ಸಾತವ್ವ ಸಿಕ್ಕಿದ್ದಳು, ಬರುತ್ತಾಳಂತೆ.

ಹನ್ನೊಂದು, ಹನ್ನೆರಡನೇ ಡಬ್ಬಿಗಳು ಮೇಜಿನ ಮೇಲೆ ಅಕ್ಕಪಕ್ಕ ಇವೆ.

“ಅದಲಿ ಬದಲಿ ಹಾಕಿಬಿಡೋ ದೋಸ್ತ. ಯಾರ ಗಂಟು ಹೋಗ್ತೈತಿ?” ಎನ್ನುತ್ತಾರೆ ಚಂದಪ್ಪ.

“ಪಿಕ್ಚರಿನಾಗ ಸಿಪಾಯಿ ಬೂಟಿನ ಲೇಸು ತಪ್ಪಿದ್ರ ವಾರಗಟ್ಟಲೆ ಬೈಯಾಂವ ನೀ. ಈಗ ಸತ್ತಾಂವನ್ನ ಎಬ್ಬಸು ಅಂತೀಯಲ್ಲ!”

“ಪಿಕ್ಚರಿನ ಸಲುವಾಗಿ ಹೇಳಾಕತ್ತಿಲ್ಲೋ. ಆ ಮುದುಕಿ ಸಲುವಾಗಿ ಹೇಳಾಕತ್ತೇನಿ.”

ಕಾಸಿಂಸಾಬ ಎರಡೂ ಡಬ್ಬಿಗಳ ಧೂಳು ಒರೆಸುತ್ತಾರೆ. ರಾತ್ರಿ ಮನೆಯಲ್ಲಿ ಅವರು ತಟ್ಟೆ ಸರಿಸಿ ಏಳುವುದನ್ನು ಕಂಡು ಹೆಂಡತಿ ಅಖ್ತರಬೇಗಂ ರೇಗುತ್ತಾರೆ: “ಎರಡು ಡಬ್ಬಿ ಸಲುವಾಗಿ ರೊಟ್ಟಿ ಬಿಟ್ಟಾಂವ ಈ ಜಿಲ್ಲಾದಾಗ ನೀವ ಒಬ್ಬರ ನೋಡ್ರಿ.”

ಭಾನುವಾರ ಒಂಬತ್ತೂವರೆಗೆ ಸಾತವ್ವನೇ ಮೆಟ್ಟಿಲೇರಿ ಬರುತ್ತಾಳೆ. ಎಪ್ಪತ್ತು ದಾಟಿದೆ. ಏದುಸಿರು ಬಿಡುತ್ತ ಪ್ರಿಂಟಿನ ಪೆಟ್ಟಿಗೆಯ ಮೇಲೆ ಕೂರುತ್ತಾಳೆ. ಕೈಯಲ್ಲಿ ಶೇಂಗಾದ ಪೊಟ್ಟಣ.

“ತಮ್ಮಾ, ತಲ್ಯಾಗಿನ ಕೂದಲೆಲ್ಲಾ ಎಲ್ಲಿ ಹೋದ್ವೋ?”

“ಹೊಗಿಗೆ ಹೋದ್ವುರಿ ಅಕ್ಕಾರ.” ಕಾಸಿಂಸಾಬ ಡಬ್ಬಿಗಳ ಮೇಲೆ ಕೈ ಇಡುತ್ತಾರೆ. “ಇವತ್ತ ನೀವು ಹೇಳಿದಂಗ ಹಾಕ್ತೇನ್ರಿ. ಹೇಳ್ರಿ.”

ಸಾತವ್ವ ಪೊಟ್ಟಣವನ್ನು ಮಡಿಲಿಗಿಡುತ್ತಾಳೆ. “ಅವತ್ತ ನೀ ನನ್ನ ಮಾತ ಕೇಳಿದ್ದಿದ್ರ ನಾ ದಿನಾ ಬರ್ತಿದ್ದೆ ತಮ್ಮಾ. ಎಮ್ಮಿ ಬಿಟ್ಟು, ಹೊಲಾ ಬಿಟ್ಟು ಇಲ್ಲೇ ಬಿದ್ದಿರ್ತಿದ್ದೆ. ಸಿಟ್ಟು ಬಂದಿತ್ತು. ಆಮ್ಯಾಲ ಇಳೀತು. ಸರಿ ಹಾಕು. ಇವತ್ತ ಎದ್ದು ಹೋಗೂದಿಲ್ಲ.” ಇಳಿಯಲು ಹೋದವಳು ಬಾಗಿಲಲ್ಲಿ ನಿಲ್ಲುತ್ತಾಳೆ. “ಆ ಚಹಾ ಕಾಸೂದು ಒಂದೀಟು ಸಾವಕಾಶ ಓಡಸಾಕ ಬರ್ತೈತೇನು?”

“ಮಷೀನ್ ನನ್ನ ಮಾತ ಕೇಳೂದಿಲ್ರಿ.”

ಅದು ನಿಜ. ಆದರೆ ಒಂದು ಮಾತು ಅವರ ಮನಸ್ಸಿನಲ್ಲಿಯೇ ಉಳಿದಿದೆ. ರೀಲು ಮುಗಿಯುವ ಮೊದಲು ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಅದನ್ನು ಕಂಡೊಡನೆ ಆಪರೇಟರ್ ಎರಡನೇ ಯಂತ್ರಕ್ಕೆ ದಾಟಬೇಕು. ಈ ಯಂತ್ರಗಳು ಹಳೆಯವು, ಒಮ್ಮೊಮ್ಮೆ ದಾಟಲು ತಡ ಮಾಡುತ್ತವೆ. ಆದ್ದರಿಂದ ಕಾಸಿಂಸಾಬ ಪ್ರತಿ ರೀಲಿನ ತುದಿಗೆ ಒಂಬತ್ತು ಅಡಿ ಮುಂಚೆಯೇ ಮೊಳೆಯಿಂದ ತಮ್ಮದೇ ಚುಕ್ಕೆ ಗೀರುತ್ತಿದ್ದರು. ಒಂಬತ್ತು ಅಡಿ ಎಂದರೆ ಆರು ಸೆಕೆಂಡು. ಪರದೆ ಒಂದು ಕ್ಷಣವೂ ಬರಿದೇ ಬೆಳ್ಳಗೆ ಕಾಣಬಾರದು ಎಂಬುದು ಅವರ ಹಟ. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ಆದರೆ ಆ ಆರು ಸೆಕೆಂಡಿನ ಚಿತ್ರವನ್ನು ಊರು ಯಾವತ್ತೂ ನೋಡಿಲ್ಲ. ಹನ್ನೊಂದನೇ ರೀಲಿನ ತುದಿಯಲ್ಲಿ ಏನಿದೆ ಎಂದು ಗೊತ್ತಿರುವುದು ಕೈಯಲ್ಲಿ ಫಿಲ್ಮು ಹಿಡಿದು ನೋಡಿದ ಇವರೊಬ್ಬರಿಗೆ.

ಆಟ ಶುರುವಾಗುತ್ತದೆ. ಟಾಕೀಸು ತುಂಬಿದೆ. ಹನ್ನೊಂದನೇ ರೀಲಿನಲ್ಲಿ ಹುಡುಗ ಪತ್ರ ಮಡಚುತ್ತಾನೆ, ಚಹಾ ಉಕ್ಕುತ್ತದೆ, ಬಲಮೂಲೆಯಲ್ಲಿ ಚುಕ್ಕೆ ಮಿಂಚುತ್ತದೆ. ಕಾಸಿಂಸಾಬರ ಕೈ ಹಿಡಿಕೆಯ ಮೇಲಿದೆ, ಆದರೆ ಅಲುಗುವುದಿಲ್ಲ. ಪರದೆಯ ಮೇಲೆ ಹುಡುಗ ಪಾತ್ರೆ ಕೆಳಗಿಳಿಸಿ, ತಲೆಯೆತ್ತಿ, ನೇರ ಎದುರಿಗೆ ನೋಡಿ ನಗುತ್ತಾನೆ. ಆಮೇಲೆ ಫಿಲ್ಮು ಮುಗಿದು ಪರದೆ ಬೆಳ್ಳಗಾಗುತ್ತದೆ.

“ಏ ಆಪರೇಟರ! ನಿದ್ದಿ ಹತ್ತೇತೇನೋ?” ಎಂದು ಮುಂದಿನ ಸಾಲಿನಿಂದ ಕೂಗು. ಅಷ್ಟರಲ್ಲಿ ಹನ್ನೆರಡನೇ ರೀಲು ಬರುತ್ತದೆ. ಕಾಸಿಂಸಾಬ ಕಿಂಡಿಯಿಂದ ಬೆಂಚಿನ ಕಡೆಗೇ ನೋಡುತ್ತಿದ್ದಾರೆ. ಸಾತವ್ವ ಏಳುವುದಿಲ್ಲ.

ಆಟ ಬಿಟ್ಟ ಮೇಲೆ ಆಕೆ ಮೆಟ್ಟಿಲ ಬುಡದಲ್ಲಿ ನಿಂತಿದ್ದಾಳೆ. “ಆತ ತಲಿ ಎತ್ತಿ ನಕ್ಕದ್ದು ಮೊದಲ ಇರಲಿಲ್ಲಲ್ಲೋ?”

“ಇತ್ರಿ ಅಕ್ಕಾರ. ನಾನ ಗೀಟು ಹಾಕಿ ಕಳದಿದ್ದೆ.”

“ಎಲ್ಲಿ ಕಳದೀಪಾ, ಇಟ್ಟಿದ್ದಿ,” ಎಂದು ಸಾತವ್ವ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಾಳೆ.

ಸೋಮವಾರ ಬೆಳಿಗ್ಗೆ ಆರಕ್ಕೆ ಕಾಸಿಂಸಾಬ ಮತ್ತೆ ಪರದೆಯ ಬುಡದಿಂದ ಗುಡಿಸುತ್ತ ಬರುತ್ತಾರೆ. ಫೌಜಿ ಬೆಂಚಿನ ಮೇಲೆ ಒಂದು ಶೇಂಗಾ ಪೊಟ್ಟಣ ಕಟ್ಟಿದ್ದು ಕಟ್ಟಿದಂತೆಯೇ ಇದೆ. ಎಂಟಕ್ಕೆ ಯಂತ್ರ ಬಿಚ್ಚುವವರೊಂದಿಗೆ ರಾವಸಾಬರು ಬರುತ್ತಾರೆ. “ನೆನಪಿಗೆ ಏನರ ಇಟ್ಟುಕೋ ಕಾಸಿಂ. ಲೆನ್ಸ್ ತಗೋ ಬೇಕಾದ್ರ.”

“ಏನೂ ಬ್ಯಾಡ್ರಿ ಧಣ್ಯಾರ. ಸುಣ್ಣಾ ಹೊಡಸೂವಾಗ ಈ ಗ್ವಾಡಿ ಒಂದು ಬಿಡ್ರಿ.”

ರಾವಸಾಬರು ಕನ್ನಡಕ ಏರಿಸಿ ಗೋಡೆಯ ಕೊನೆಯ ಸಾಲು ಓದುತ್ತಾರೆ. “ನಿನ್ನೆ ಕುರ್ಚಿ ಎಲ್ಲಾ ತುಂಬಿದ್ವಲ್ಲೋ. ಅರ್ಧಾನ ಬುಟ್ಟಿ?”

“ಹೌದ್ರಿ,” ಎನ್ನುತ್ತಾರೆ ಕಾಸಿಂಸಾಬ, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ. “ಅದಕ್ಕ ಬರದೇನ್ರಿ.”