ಚಿಗವ್ವನ ಕರೆಂಟಿನ ಲೆಕ್ಕ

ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಗಜೇಂದ್ರಗಡದಲ್ಲಿ ಸೀರೆ ನೇಯುತ್ತಾಳೆ. ಹುಡುಗಿಯಾಗಿದ್ದಾಗ ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನಪಾಸಾಗಿ ಮಗ್ಗಕ್ಕೆ ಇಳಿದವಳು, ಐವತ್ತರ ಹತ್ತಿರ ಬಂದಮೇಲೆ ಎಲ್ಲ ವಿಷಯಗಳ ಪರೀಕ್ಷೆಗೂ ಮತ್ತೆ ಕೂಡುತ್ತೇನೆಂದಳು. ತಾನು ಸಾಕಿ ಬೆಳೆಸಿದ ನನ್ನ ಮದುವೆ ಮಾಡಿ ಮುಗಿಸಿದ್ದಾಯಿತು, ಇನ್ನು ಉಳಿದದ್ದು ಅದೊಂದೇ ಎಂಬುದು ಅವಳ ವಾದ. ನಾನು ನರೇಗಲ್ಲಿನಲ್ಲಿ ವಿಜ್ಞಾನ ಕಲಿಸುವವಳು. ಆಗ ಚೊಚ್ಚಲ ಬಸುರಿ, ರಜೆ ಹಾಕಿ ಅವಳ ಮನೆಗೇ ಬಂದಿದ್ದೆ. ಪಾಠ ಹೇಳುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು.

ಸಸ್ಯ, ಆಮ್ಲ, ಕನ್ನಡಿ ಎಲ್ಲವೂ ಸಲೀಸಾಗಿ ಸಾಗಿ, ವಿದ್ಯುತ್ತಿನ ಲೆಕ್ಕಕ್ಕೆ ಬಂದು ಗಾಡಿ ನಿಂತಿತು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಪವರ್ ಎಂದು ಬಾಯಿಪಾಠ ಒಪ್ಪಿಸುತ್ತಿದ್ದಳು. ಲೆಕ್ಕ ಕೊಟ್ಟರೆ ಮಾತ್ರ ಬರೆದದ್ದನ್ನೇ ಹೊಡೆದುಹಾಕುತ್ತ ಕೂರುತ್ತಿದ್ದಳು. ಒಂದು ದಿನ ಪೆನ್ನು ಕೆಳಗಿಟ್ಟು, “ಕಣ್ಣಿಗೆ ಕಾಣಲಾರದ್ದನ್ನ ಹ್ಯಾಂಗ ಭಾಗಸೂದವಾ?” ಅಂದಳು.

ಅವಳ ಮಾತು ಖರೇ ಅನ್ನಿಸಿತು. ಎದುರುಮನೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಚಾಚಾ ಇದ್ದರು. ಕೇಳಿದ ಕೂಡಲೇ ಕರೆಂಟು ಅಳೆಯುವ ಮೀಟರು ಹಿಡಿದುಕೊಂಡು ಬಂದು ಜೋಡಿಸಿಕೊಟ್ಟರು. ಮನೆಯ ವೋಲ್ಟೇಜು ೨೨೦ ತೋರಿಸಿತು. ಇಸ್ತ್ರಿಪೆಟ್ಟಿಗೆ ಹಚ್ಚಿದಾಗ ಕರೆಂಟು ಐದು ಆಂಪಿಯರ್. ಚಿಗವ್ವ ನೆಲದ ಮೇಲೆ ಕೂತು ಭಾಗಿಸಿದಳು: ರೋಧ ೪೪ ಓಮ್. ಗುಣಿಸಿದಳು: ಪವರ್ ೧೧೦೦ ವ್ಯಾಟ್. ಆಮೇಲೆ ಇಸ್ತ್ರಿಪೆಟ್ಟಿಗೆಯ ಚೀಟಿ ಓದಿ ಅವಳ ಮುಖ ಬಾಡಿತು. ಅಲ್ಲಿ ೧೨೦೦ ವ್ಯಾಟ್ ಎಂದಿತ್ತು.

ಲೆಕ್ಕ ತಪ್ಪಿಲ್ಲ, ಚೀಟಿಯಲ್ಲಿರುವುದು ೨೩೦ ವೋಲ್ಟಿನ ಮಾತು, ನಮ್ಮ ಓಣಿಗೆ ಅಷ್ಟು ಬರುತ್ತಿಲ್ಲ ಎಂದು ನಾನು ತಿಳಿಸಿದೆ. ಅವಳು ೨೩೦ನ್ನು ೪೪ರಿಂದ ಭಾಗಿಸಿ, ಬಂದದ್ದನ್ನು ೨೩೦ರಿಂದ ಗುಣಿಸಿ, ಸುಮಾರು ೧೨೦೦ ಬಂದದ್ದು ನೋಡಿ ಬಿದ್ದುಬಿದ್ದು ನಕ್ಕಳು.

“ಪಾಪ, ಇಸ್ತ್ರಿಪೆಟ್ಟಿಗಿ ಅರೆಹೊಟ್ಟಿಲೆ ದುಡಿಯಾಕತ್ತೈತಿ.”

ಆ ವಾರ ಮನೆಯಲ್ಲಿ ಯಾವ ಯಂತ್ರಕ್ಕೂ ಬಿಡುವಿರಲಿಲ್ಲ. ನೀರು ಕಾಯಿಸುವ ರಾಡು, ಮಿಕ್ಸರು, ಮಗ್ಗದ ಮೇಲಿನ ಬಲ್ಬು, ಎಲ್ಲದರ ಕರೆಂಟು ಅಳೆದಳು. ಚಾಚಾ ಮೀಟರನ್ನು ವಾಪಸು ಕೇಳಲು ಬಂದು, ಚಹಾ ಕುಡಿದು ಬರಿಗೈಲಿ ಹೋಗುತ್ತಿದ್ದರು.

ನನ್ನ ಕುಬಸದ, ಅಂದರೆ ಸೀಮಂತದ, ದಿನ ನರಗುಂದದಿಂದ ಬೀಗರು ಬಂದಿಳಿದರು. ಸ್ನಾನಕ್ಕೆ ರಾಡು ಹಾಕಿತ್ತು, ಒಬ್ಬರು ಸೀರೆಗೆ ಇಸ್ತ್ರಿ ಹಿಡಿದಿದ್ದರು, ಒಳಗೆ ಮಿಕ್ಸರು ಚಟ್ನಿ ಅರೆಯುತ್ತಿತ್ತು. ಪಟ್ ಎಂದು ಮನೆಯ ಕರೆಂಟೆಲ್ಲ ಹೋಯಿತು. ಮೇನ್ ಸ್ವಿಚ್ಚು ಬಿದ್ದಿತ್ತು, ಮೇಲೆತ್ತಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು. ಚಿಗವ್ವನ ಗಂಡ ಕಾಕಾ ಲೈನ್‌ಮನ್ನನ್ನು ಕರೆಯಲು ಚಪ್ಪಲಿ ಮೆಟ್ಟಿದರು.

“ತಡೀರಿ,” ಅಂದಳು ಚಿಗವ್ವ. “ರಾಡಿಗೆ ಎಂಟು, ಇಸ್ತ್ರಿಗೆ ಐದು, ಮಿಕ್ಸರಿಗೆ ಮೂರು, ಒಟ್ಟು ಹದಿನಾರಾತು. ನಮ್ಮ ಸ್ವಿಚ್ಚು ತಾಳೂದು ಹತ್ತ. ಮದಲ ನೀರು ಕಾಯ್ಲಿ.”

ನೀರು ಕಾದಮೇಲೆ ಇಸ್ತ್ರಿ ಮತ್ತು ಮಿಕ್ಸರು ಒಟ್ಟಿಗೆ ನಡೆದವು. ಸ್ವಿಚ್ಚು ಮತ್ತೆ ಬೀಳಲಿಲ್ಲ. ನನಗೆ ಹಸಿರು ಬಳೆ ತೊಡಿಸುವಾಗಲೂ ಬೀಗರ ಹೆಂಗಸರು ಅವಳನ್ನೇ ಸುತ್ತುಗಟ್ಟಿ ತಮ್ಮ ತಮ್ಮ ಮನೆಯ ಮಿಕ್ಸರಿನ ವಿಚಾರ ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುವಷ್ಟು.

ಪರೀಕ್ಷೆ ರೋಣದಲ್ಲಿತ್ತು. ತುಂಬು ಬಸುರಿ ಬಸ್ಸಿನಲ್ಲಿ ಬರುವುದು ಬೇಡವೆಂದು ನನ್ನನ್ನು ಮನೆಯಲ್ಲೇ ಕೂರಿಸಿ ಕಾಕಾನೊಂದಿಗೆ ಹೋದಳು. ಫಲಿತಾಂಶ ಬಂದಾಗ ನಾನು ಬಾಣಂತಿಕೋಣೆಯಲ್ಲಿದ್ದೆ. ಚಿಗವ್ವ ಬಾಗಿಲಲ್ಲಿ ನಿಂತು, ಮಲಗಿದ್ದ ಕೂಸು ಏಳಬಾರದೆಂದು ಪಿಸುದನಿಯಲ್ಲಿ ಹೇಳಿದಳು:

“ಪಾಸಾದೆನವಾ. ಎಲ್ಲಾ ವಿಷಯಕ್ಕಿಂತ ವಿಜ್ಞಾನದಾಗ ಹೆಚ್ಚು.”

ಹೇಳಿದ್ದೇ ತಡ, ತಾನೇ ತಡೆಯಲಾರದೆ ಜೋರಾಗಿ ನಕ್ಕು ಕೂಸನ್ನು ಎಬ್ಬಿಸಿಬಿಟ್ಟಳು.